ಆರು ಗಂಟೆಯ ಶರಣು

ದಿನಾ ಬೆಳಿಗ್ಗೆ ಆರು ಗಂಟೆಗೆ ನನ್ನ ಫೋನಿಗೆ ಒಂದು ಸಂದೇಶ ಬರುತ್ತದೆ. ‘ಶುಭೋದಯ. ಸರ್ವರ್ ನಡೆಯುತ್ತಿದೆ. ಎಲ್ಲ ಸರಿ ಇದೆ.’ ಅದನ್ನು ಕಳಿಸುವುದು ಅಫಜಲಪುರದ ಒಂದು ಕೋಣೆಯಲ್ಲಿರುವ ಯಂತ್ರ. ಆ ಮೂರು ಸಾಲುಗಳನ್ನು ಬರೆದಿಟ್ಟವಳು ಮಾತ್ರ ನಾನೇ. ಒಂದು ಸಲ ಬರೆದಿಟ್ಟೆ, ಅದು ಶಾಲೆಯ ಮಕ್ಕಳು ಮಗ್ಗಿ ಒಪ್ಪಿಸುವ ಹಾಗೆ ದಿನಾ ಒಪ್ಪಿಸುತ್ತದೆ. ಅದನ್ನು ಓದಿದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ. ಹಲ್ಲುಜ್ಜುವ ಮೊದಲೇ ನಾಚಿಕೆಪಡುವ ಹೆಂಗಸು ಇಡೀ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ನಾನು ಕೆಲಸ ಮಾಡುವುದು ಒಂದು ಖಾಸಗಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಊರಿನಲ್ಲಿ ಅದರ ಕೇಂದ್ರಗಳಿವೆ. ನಾನು ಕೂರುವುದು ಆಳಂದದಲ್ಲಿ. ಕೆಳಗೆ ತೊಗರಿ ವ್ಯಾಪಾರಿಯ ಅಂಗಡಿ, ಮೇಲೆ ನಾವು. ಸುಗ್ಗಿಯ ದಿನಗಳಲ್ಲಿ ಕೆಳಗಿನ ಧೂಳೆಲ್ಲ ಮೇಲೆ ಬಂದು ನನ್ನ ಕೀಬೋರ್ಡಿನ ಮೇಲೆ ಕೂರುತ್ತದೆ. ರಕ್ತ ತೆಗೆಯುವುದು ನನ್ನ ಕೆಲಸವಲ್ಲ, ಸೂಜಿ ಕಂಡರೆ ನನಗೇ ತಲೆ ಸುತ್ತುತ್ತದೆ. ಮೂರೂ ಕೇಂದ್ರಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮೂರೂ ಕಡೆಯ ರಿಪೋರ್ಟುಗಳು ಹೋಗಿ ಸೇರುವುದು ಒಂದೇ ಯಂತ್ರಕ್ಕೆ, ಅದೇ ಸರ್ವರ್. ಅದನ್ನು ಅಫಜಲಪುರದಲ್ಲಿ ಇಟ್ಟದ್ದು ಅಲ್ಲಿ ನಮ್ಮ ಮಾಲಕರ ಸ್ವಂತ ಕಟ್ಟಡ ಇದೆ ಎಂಬ ಒಂದೇ ಕಾರಣಕ್ಕೆ.

ಆ ಕಟ್ಟಡದ ಕೀಲಿ ಇದ್ದದ್ದು ಕಾಕಾನ ಹತ್ತಿರ. ನನಗೇನೂ ರಕ್ತಸಂಬಂಧವಲ್ಲ, ಲ್ಯಾಬಿನಲ್ಲಿ ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದರು. ಗೊಬ್ಬೂರಿನವರು. ಬೆಳಿಗ್ಗೆ ಬಸ್ಸಿಗೆ ಬಂದು ಬಾಗಿಲು ತೆಗೆದು, ಕಸ ಹೊಡೆದು, ಸರ್ವರ್ ಕೋಣೆಯ ಏಸಿ ಹಚ್ಚಿ, ಇನ್ವರ್ಟರಿನ ಬ್ಯಾಟರಿಗೆ ನೀರು ಹಾಕಿ, ಸಂಜೆ ಕೀಲಿ ಹಾಕಿಕೊಂಡು ಊರಿಗೆ ಹೋಗುತ್ತಿದ್ದರು. ಆ ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡಿರುತ್ತಿದ್ದರು. “ಕೊರಳಾಗ ಲಿಂಗ, ನಡದಾಗ ಕೀಲಿ. ಎರಡೂ ಜಳಕಕ್ಕೂ ಬಿಚ್ಚೂದಿಲ್ರಿ ಅಕ್ಕಾರ” ಎಂದು ನಗುತ್ತಿದ್ದರು. ಆ ಮಾತಿನಲ್ಲಿ ಜಂಬ ಇತ್ತು, ಇರಬೇಕಾದ್ದೇ. ಮಾಲಕರ ತಮ್ಮನ ಕೈಗೂ ಆ ಕೀಲಿ ಸಿಗುತ್ತಿರಲಿಲ್ಲ.

ಸರ್ವರಿಗೆ ಏನಾದರೂ ಆದರೆ ಅದೇ ಸಂದೇಶ ಕಳಿಸುವ ಹಾಗೆ ನಾನು ಒಂದು ಏರ್ಪಾಡು ಮಾಡಿದ್ದೆ. ಫೋನಿನಲ್ಲಿ ಒಂದು ಗ್ರೂಪ್: ಮಾಲಕರು, ಮೂರು ಕೇಂದ್ರಗಳ ಮುಖ್ಯಸ್ಥರು, ನಾನು, ಕಾಕಾ. ಕರೆಂಟ್ ಹೋದರೆ, ಬಂದರೆ, ಕೋಣೆ ಬಿಸಿಯಾದರೆ ಅದರಲ್ಲಿ ನನ್ನ ಹೆಸರಿನಿಂದಲೇ ಸಂದೇಶ ಬರುತ್ತಿತ್ತು. ಕಾಕಾಗೆ ಇಂಗ್ಲಿಷ್ ಬಾರದು, ಕನ್ನಡವನ್ನು ಬೆರಳಿಟ್ಟು ಓದುವವರು. ಅವರಿಗಾಗಿಯೇ ಈ ಮೂರನ್ನೂ ಬೆಳಗಿನ ಶುಭೋದಯವನ್ನೂ ಕನ್ನಡದಲ್ಲಿ ಬರೆದೆ. ‘ಕೋಣೆ ಬಿಸಿಯಾಗಿದೆ. ದಯವಿಟ್ಟು ನೋಡಿ’ ಎಂದು ಮರ್ಯಾದೆಯಿಂದಲೇ ಬರೆದೆ. ಉಳಿದ ಎಚ್ಚರಿಕೆಗಳು ಇಂಗ್ಲಿಷಿನಲ್ಲೇ ಉಳಿದವು. ಎಂದಾದರೊಂದು ದಿನ ಬರಬಹುದಾದವು, ಬಂದಾಗ ನೋಡಿದರಾಯಿತು ಎಂದು ಬಿಟ್ಟಿದ್ದೆ. ಬಂದಾಗ ನೋಡಿದರಾಯಿತು ಅನ್ನುವುದು ನನ್ನ ಹುಟ್ಟುಗುಣ.

ಕಾಕಾ ಪ್ರತಿಯೊಂದಕ್ಕೂ ಉತ್ತರ ಬರೆಯುತ್ತಿದ್ದರು. ಆರು ಗಂಟೆಯ ಶುಭೋದಯಕ್ಕೆ ‘ಶರಣ್ರಿ ಅಕ್ಕಾರ’. ಕೋಣೆ ಬಿಸಿಯಾಗಿದೆ ಅಂದರೆ ‘ಹೂನ್ರಿ ಅಕ್ಕಾರ, ಏಸಿ ಹಚ್ಚೇನಿ’. ಅವರ ಮನೆಯಲ್ಲಿ ಶರಣು ಅಂದವರಿಗೆ ತಿರುಗಿ ಶರಣು ಅನ್ನದೆ ಬಿಡುವ ಪದ್ಧತಿಯೇ ಇಲ್ಲವಂತೆ, ಹಾದಿಯಲ್ಲಿ ಹೋಗುವ ಅಪರಿಚಿತ ಅಂದರೂ ಅನ್ನಬೇಕು. ಮೊದಮೊದಲು ನನಗೆ ಓದಿ ಖುಷಿಯಾಗುತ್ತಿತ್ತು. ಆಮೇಲೆ ಕಿರಿಕಿರಿ ಶುರುವಾಯಿತು. ‘ಇವತ್ತ ಮೊಮ್ಮಗಳು ಹೆಜ್ಜಿ ಇಟ್ಟಾಳ್ರಿ ಅಕ್ಕಾರ.’ ‘ಹೊಲದಾಗ ಜ್ವಾಳ ಭಾಳ ಚಲೋ ಬಂದದ್ರಿ.’ ಸರ್ವರ್ ಗ್ರೂಪಿನಲ್ಲಿ ಜೋಳದ ಸಮಾಚಾರ! ಅವರಿಗೆ ಗೊತ್ತಾಗದ ಹಾಗೆ ನಾನು ಆ ಗ್ರೂಪಿನ ಸದ್ದು ಬಂದ್ ಮಾಡಿಟ್ಟೆ. ಆಮೇಲೆ ಅದನ್ನು ತೆರೆಯುವುದನ್ನೂ ಬಿಟ್ಟೆ. ಫೋನಿನ ಗ್ರೂಪುಗಳ ಪಟ್ಟಿಯಲ್ಲಿ ಅದರ ಕೊನೆಯ ಸಾಲು ಮಾತ್ರ ಕಾಣುತ್ತಿತ್ತು, ಅದು ಯಾವಾಗಲೂ ಕಾಕಾನದೇ. ಕಾಕಾ ಹೂನ್ರಿ ಅಂದಿದ್ದಾರೆ ಅಂದರೆ ಎಲ್ಲ ಸರಿ ಇದೆ ಎಂದುಕೊಂಡು ಚಹಾ ಕುಡಿಯುತ್ತಿದ್ದೆ.

ಇಲ್ಲಿ ಒಂದು ವಿಷಯ ಹೇಳಬೇಕು, ನನ್ನ ತಪ್ಪು ಇರುವುದೇ ಇದರಲ್ಲಿ. ಒಂದು ಎಚ್ಚರಿಕೆ ಬಂದರೆ ಯಾರಾದರೂ ಉತ್ತರ ಕೊಡುವವರೆಗೆ ಅದು ಐದೈದು ನಿಮಿಷಕ್ಕೆ ಮತ್ತೆ ಬರುತ್ತಿತ್ತು. ಯಾರೂ ಕೊಡದಿದ್ದರೆ ಅರ್ಧ ಗಂಟೆಗೆ ಮಾಲಕರ ಫೋನಿಗೇ ಕರೆ ಹೋಗುತ್ತಿತ್ತು. ಯಾರಾದರೂ ಒಂದು ಅಕ್ಷರ ಬರೆದರೆ ಸಾಕು, ‘ಯಾರೋ ನೋಡಿಕೊಳ್ಳುತ್ತಿದ್ದಾರೆ’ ಎಂದು ತಿಳಿದು ಅದು ಸುಮ್ಮನಾಗುತ್ತಿತ್ತು. ಹಾಗೆ ಮಾಡಿಟ್ಟವಳು ನಾನೇ. ಕಾಕಾ ಫೋನನ್ನು ಮನೆಯಲ್ಲಿ ಮರೆತು ಬಂದಿದ್ದ ಒಂದು ದಿನ, ನಾನು ಜೇವರ್ಗಿಯಲ್ಲಿ ಸಂಬಂಧಿಕರ ತೊಟ್ಟಿಲ ಕಾರ್ಯಕ್ಕೆ ಹೋಗಿ ಊಟಕ್ಕೆ ಕೂತಿದ್ದೆ. ಕರೆಂಟ್ ಹೋದದ್ದಕ್ಕೆ ಉತ್ತರ ಕೊಡುವವರಿಲ್ಲದೆ ಕರೆ ಮಾಲಕರಿಗೆ ಹೋಯಿತು. ಅವರು ನನಗೆ ಫೋನು ಮಾಡಿ ಎಲೆಯ ಮುಂದೆಯೇ ಬೈದರು. ಆ ಸಿಟ್ಟನ್ನು ನಾನು ಮರುದಿನ ಕಾಕಾನ ಮೇಲೆ ತೀರಿಸಿಕೊಂಡೆ.

“ಕಾಕಾ, ಗ್ರೂಪಿನಾಗ ಏನ ಬಂದ್ರೂ ಜಲ್ದಿ ಒಂದು ಜವಾಬ ಹಾಕಿಬಿಡ್ರಿ” ಎಂದೆ ಫೋನಿನಲ್ಲಿ.

“ಏನಂತ ಹಾಕಬೇಕ್ರಿ?”

“ಏನರ ಹಾಕ್ರಿ. ಹೂಂ ಅಂದ್ರೂ ಸಾಕು.”

“ಇಂಗ್ಲಿಷಿನಾಗ ಬಂದು ನನಗ ತಿಳೀಲಿಲ್ಲಂದ್ರ?”

“ತಿಳೀದಿದ್ರೂ ಹಾಕ್ರಿ ಕಾಕಾ. ನಾ ನೋಡ್ತೇನಿ.”

ನಾ ನೋಡ್ತೇನಿ ಎಂದು ಹೇಳಿದವಳು ಫೋನು ಇಟ್ಟೆ, ಗ್ರೂಪನ್ನು ಮಾತ್ರ ತೆರೆಯಲಿಲ್ಲ.

ಹೋದ ವರ್ಷ ತೊಗರಿ ಸುಗ್ಗಿಯ ಹೊತ್ತಿಗೆ ನಡೆದದ್ದು ಇದು. ಗುರುವಾರ ಸರ್ವರಿನ ಡಿಸ್ಕ್, ಅಂದರೆ ಎಲ್ಲ ರಿಪೋರ್ಟುಗಳು ಕೂರುವ ಭಾಗ, ಕೆಡಲು ಶುರುವಾಯಿತು. ಯಂತ್ರ ತನ್ನ ಕೆಲಸ ತಾನು ಸರಿಯಾಗಿ ಮಾಡಿತು, ಎಚ್ಚರಿಕೆ ಕಳಿಸಿತು, ಆದರೆ ನಾನು ಕನ್ನಡಕ್ಕೆ ತರದೆ ಬಿಟ್ಟಿದ್ದ ಇಂಗ್ಲಿಷಿನಲ್ಲಿ. ಕಾಕಾ ‘ಹೂನ್ರಿ ಅಕ್ಕಾರ’ ಎಂದು ಬರೆದರು. ಯಂತ್ರ ಸುಮ್ಮನಾಯಿತು. ಶುಕ್ರವಾರ ನಾಲ್ಕು ಸಲ ಬಂತು, ನಾಲ್ಕು ಸಲವೂ ‘ಹೂನ್ರಿ ಅಕ್ಕಾರ’. ಆ ಎರಡು ದಿನ ನಾನು ಜೇವರ್ಗಿ ಕೇಂದ್ರದಲ್ಲಿ ಹೊಸ ಪ್ರಿಂಟರ್ ಕೂರಿಸುತ್ತಿದ್ದೆ. ಫೋನಿನ ಪಟ್ಟಿಯಲ್ಲಿ ಕಾಕಾನ ಹೂನ್ರಿ ಕಂಡೆ, ಎಲ್ಲ ಸರಿ ಇದೆ ಎಂದುಕೊಂಡೆ. ಶನಿವಾರ ಮಧ್ಯಾಹ್ನ ಡಿಸ್ಕ್ ನಿಂತುಹೋಯಿತು. ಎಲ್ಲದರ ನಕಲು ತೆಗೆದಿಡುತ್ತಿದ್ದದ್ದು ಭಾನುವಾರಕ್ಕೊಮ್ಮೆ. ಹಾಗಾಗಿ ಸೋಮವಾರದಿಂದ ಶನಿವಾರದವರೆಗಿನ ರಿಪೋರ್ಟುಗಳು ಮೂರೂ ಊರಿನಲ್ಲಿ ಇಲ್ಲವಾದವು.

ಜನರನ್ನು ಮತ್ತೆ ಕರೆಸಿ ಮತ್ತೆ ರಕ್ತ ತೆಗೆಯಬೇಕಾಯಿತು. ಭಾನುವಾರ ಬೆಳಿಗ್ಗೆ ಆಳಂದದ ಕೇಂದ್ರಕ್ಕೆ ಒಬ್ಬ ಅಜ್ಜಿ ಬಂದರು. ಒಣಗಿದ ಕೈ, ನರವೇ ಸಿಗುತ್ತಿರಲಿಲ್ಲ. ಎರಡು ಸಲ ಚುಚ್ಚಿ, ಮೂರನೆಯ ಸಲಕ್ಕೆ ಸಿಕ್ಕಿತು. ಹತ್ತಿ ಒತ್ತಿಕೊಂಡು ಕೂತ ಅಜ್ಜಿ ನನ್ನನ್ನು ಕೇಳಿದರು: “ಮೊನ್ನಿ ಕೊಟ್ಟದ್ದು ಎಲ್ಲಿ ಹೋತ ಯವ್ವಾ?”

“ಮಷಿನ್ ಕೆಟ್ಟದ ಅಜ್ಜಿ” ಎಂದೆ. ಅದು ಸುಳ್ಳೇನಲ್ಲ. ಆದರೆ ಅದನ್ನು ಹೇಳುವಾಗ ನನ್ನ ಮುಖ ಅಜ್ಜಿಯ ಕಡೆಗಿರಲಿಲ್ಲ.

ಸೋಮವಾರ ಮಾಲಕರು ಎಲ್ಲರನ್ನೂ ಅಫಜಲಪುರಕ್ಕೆ ಕರೆಸಿದರು. ಎರಡು ಟೇಬಲ್ ಕೂಡಿಸಿ ಸುತ್ತಲೂ ಕೂತೆವು. ಕಾಕಾ ಬಾಗಿಲ ಹತ್ತಿರ ನಿಂತಿದ್ದರು. ಕೂತುಕೊಳ್ಳಿ ಎಂದು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಮಾಲಕರು ತಮ್ಮ ಫೋನಿನಲ್ಲಿ ಗ್ರೂಪನ್ನು ತೆರೆದರು. ಅವರೂ ಅಲ್ಲಿಯವರೆಗೆ ಅದನ್ನು ತೆರೆದು ನೋಡಿದವರಲ್ಲ. ಒಂದೊಂದೇ ಸಾಲನ್ನು ಓದುತ್ತ ಹೋದರು. ಎಚ್ಚರಿಕೆ, ಕೆಳಗೆ ಹೂನ್ರಿ ಅಕ್ಕಾರ. ಎಚ್ಚರಿಕೆ, ಕೆಳಗೆ ಹೂನ್ರಿ ಅಕ್ಕಾರ.

“ಏನ ಹೂಂ ಅಂದೀಯೋ ನೀ? ಓದಾಕ ಬರ್ತದೇನ ನಿನಗ ಇದು?”

“ಇಲ್ರಿ.”

“ಮತ್ತ ಹೂಂ ಅಂದ್ಯಾಕ? ನೀ ಸುಮ್ಮ ಇದ್ದಿದ್ರ ಫೋನು ನನಗ ಬರ್ತಿತ್ತಲ್ಲೋ.” ಹಾಗೆಯೇ ಬೆರಳಾಡಿಸುತ್ತ ಒಂದು ಕಡೆ ನಿಂತರು. ಶುಕ್ರವಾರ ಸಂಜೆ ಕಾಕಾ ಕಳಿಸಿದ ಒಂದು ಧ್ವನಿ ಸಂದೇಶ ಇತ್ತು. “ಇದೇನಿದು, ಪದ ಹಾಡಿ ಕಳಿಸೀಯೇನ?” ಎಂದರು. ಕೂತವರಲ್ಲಿ ಇಬ್ಬರು ನಕ್ಕರು.

“ಅದ್ರಾಗ್ರಿ... ಅದು ಅಕ್ಕಾರಿಗೆ...” ಎಂದು ಕಾಕಾ ಬಾಯಿ ತೆರೆದರು. ಮಾಲಕರು ಕೈ ಎತ್ತಿ ತಡೆದು ಮುಂದಿನ ಸಾಲಿಗೆ ಹೋದರು.

ನಾನು ಮೇಜಿನ ಕೆಳಗೆ ನನ್ನ ಫೋನು ತೆರೆದು ನೋಡಿದೆ. ಅದೇ ಧ್ವನಿ ಸಂದೇಶ ನನ್ನಲ್ಲೂ ಇತ್ತು, ಇನ್ನೂ ಕೇಳಿಲ್ಲ ಎಂಬ ಗುರುತಿನ ಸಮೇತ. ಅದನ್ನು ಕೇಳೋಣ ಎಂದು ನಾನು ಹೇಳಬಹುದಿತ್ತು. ಅದರಲ್ಲಿ ಏನಿದೆಯೋ ಎಂದು ಹೆದರಿ ಫೋನು ಬೋರಲು ಹಾಕಿದೆ.

“ಬಂದದ್ದಕ್ಕೆಲ್ಲ ಜವಾಬ ಹಾಕು ಅಂತ ನಿನಗ ಯಾರು ಹೇಳಿದ್ರು?” ಎಂದು ಮಾಲಕರು ಕೇಳಿದರು.

ಕಾಕಾ ನನ್ನ ಕಡೆ ನೋಡಿದರು. ದೂರುವ ನೋಟವಲ್ಲ. ನಾನು ಹೇಳುತ್ತೇನೆ ಎಂದು ಕಾಯುವ ನೋಟ. ನನ್ನ ಮುಂದೆ ನೀರಿನ ಬಾಟಲಿ ಇತ್ತು. ಅದರ ಮುಚ್ಚಳ ತಿರುಗಿಸಿದೆ, ಮತ್ತೆ ತಿರುಗಿಸಿ ಮುಚ್ಚಿದೆ. ಕೆಲಸ ಹೋಗುತ್ತದೆ ಎಂಬ ಭಯವೇ ಎಂದು ನನ್ನನ್ನು ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅದಲ್ಲ. ನಾನಿಲ್ಲದೆ ಅವರ ಸರ್ವರ್ ನಡೆಯುವುದಿಲ್ಲ, ಅದು ನನಗೂ ಗೊತ್ತಿತ್ತು. ಅಷ್ಟು ಜನರ ಮುಂದೆ ಕಲಿತವಳು, ತಿಳಿದವಳು ಎಂಬ ಹೆಸರು ಹೋಗುತ್ತದೆ ಎಂಬುದೊಂದೇ. ಇಷ್ಟು ಸಣ್ಣದಕ್ಕೆ ಸುಮ್ಮನೆ ಕೂತೆ.

ಕಾಕಾ ನೆಲ ನೋಡುತ್ತ ಹೇಳಿದರು: “ಯಾರೂ ಹೇಳಿಲ್ರಿ. ನಂದ ಗಲತಿ.”

“ಕೀಲಿ ಇಡು” ಎಂದರು ಮಾಲಕರು.

ಕಾಕಾ ಗೋಡೆಯ ಕಡೆ ತಿರುಗಿ ಅಂಗಿ ಎತ್ತಿ ಉಡದಾರದ ಗಂಟು ಬಿಚ್ಚಲು ನೋಡಿದರು. ವರ್ಷಗಟ್ಟಲೆ ನೀರು, ಬೆವರು ಕುಡಿದ ಗಂಟು ಕಲ್ಲಾಗಿತ್ತು. ಉಗುರು ಹಾಕಿದರು, ಬರಲಿಲ್ಲ. ಯಾರೋ “ಕತ್ತರಿ ಕೊಡ್ರಿ” ಎಂದರು. ಬ್ಯಾಂಡೇಜ್ ಪಟ್ಟಿ ಕತ್ತರಿಸುವ ಕತ್ತರಿ ಇದ್ದದ್ದು ನನ್ನ ಮುಂದೆ. ಎತ್ತಿ ಕೊಟ್ಟವಳು ನಾನು. “ಶರಣ್ರಿ” ಎಂದು ತೆಗೆದುಕೊಂಡರು, ಅಭ್ಯಾಸಬಲ. ಕೀಲಿ ದಾರದ ತುಂಡಿನ ಸಮೇತ ಮೇಜಿನ ಮೇಲೆ ಬಂತು.

“ತಂಗಿ, ಅವನ್ನ ಗ್ರೂಪಿನಿಂದ ತಗಿ” ಎಂದರು ಮಾಲಕರು. ಅಲ್ಲೇ ಕೂತು ತೆಗೆದೆ. ಕಾಕಾ ಇನ್ನೂ ಬಾಗಿಲು ದಾಟಿರಲಿಲ್ಲ.

ಆಳಂದಕ್ಕೆ ತಿರುಗಿ ಬರುವ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಆ ಧ್ವನಿ ಸಂದೇಶ ಕೇಳಿದೆ.

“ಶರಣ್ರಿ ಅಕ್ಕಾರ. ಡಬ್ಬಿ ಒಳಗ ಏನೋ ಕಟ್ ಕಟ್ ಅನ್ನಾಕತ್ತದ್ರಿ. ಮೊದಲ ಹಿಂಗ ಅಂತಿರ್ಲಿಲ್ಲ. ಫೋನ್ ಹತ್ರ ಹಿಡೀತೇನಿ, ಕೇಳ್ರಿ.” ಆಮೇಲೆ ಏಸಿಯ ಸದ್ದು. ಅದರೊಳಗೆ ಸ್ಪಷ್ಟವಾಗಿ ಕಟ್, ಕಟ್, ಕಟ್. ಡಿಸ್ಕ್ ಸಾಯುವ ಮುಂಚೆ ಮಾಡುವ ಸದ್ದು ಅದು. ನಾಲ್ಕು ವರ್ಷ ಕಂಪ್ಯೂಟರ್ ಓದಿದವರಿಗೆ ಗೊತ್ತಿರಬೇಕಾದ ಸದ್ದು. “ಕೇಳಿಸ್ತಲ್ರಿ? ನೋಡ್ತೇನಿ ಅಂದೀರಲ್ರಿ ನೀವು, ಅದಕ ಕಳಸೀನಿ. ಬಿಸಿನೂ ಆಗೇದ್ರಿ. ನಾಳೆ ಬಂದ್ರ ಚಲೋ ಆಗ್ತದ.”

ಶುಕ್ರವಾರ ಸಂಜೆ. ನಾನು ಆಗ ಕೇಳಿದ್ದರೆ ರಾತ್ರಿಯೊಳಗೆ ಎಲ್ಲದರ ನಕಲು ತೆಗೆಯಬಹುದಿತ್ತು. ಒಂದು ರಿಪೋರ್ಟೂ ಹೋಗುತ್ತಿರಲಿಲ್ಲ. ಆ ಅಜ್ಜಿಯನ್ನು ಮತ್ತೆ ಮೂರು ಸಲ ಚುಚ್ಚಬೇಕಿರಲಿಲ್ಲ. ನನ್ನ ಯಂತ್ರಕ್ಕೆ ಹೇಳಲಿಕ್ಕಾಗದ್ದನ್ನು ಈ ಮನುಷ್ಯ ಕಿವಿಯಿಂದ ಕೇಳಿ ಹೇಳಿದ್ದರು. ಅವರ ಸೊಂಟದಿಂದ ಕೀಲಿ ಕತ್ತರಿಸಲು ನಾನು ಕತ್ತರಿ ಕೊಟ್ಟು ಬಂದಿದ್ದೆ. ನಾನು ಅತ್ತದ್ದು ಎಷ್ಟು ಜೋರಾಗಿತ್ತೋ, ಪಕ್ಕದ ಸೀಟಿನ ಹೆಂಗಸು “ಮನ್ಯಾಗ ಯಾರರ ಹೋದ್ರೇನವ್ವಾ?” ಎಂದು ಕೇಳಿದಳು. ಇಲ್ಲ ಎಂದು ತಲೆ ಆಡಿಸಿದೆ.

ಅತ್ತದ್ದೇ ಬಂತು. ಮರುದಿನ ಯಾರಿಗೂ ಏನೂ ಹೇಳಲಿಲ್ಲ. ಅದರ ಮರುದಿನವೂ ಹೇಳಲಿಲ್ಲ. ಹೊಸ ಡಿಸ್ಕ್ ಹಾಕಿದೆ. ಎಲ್ಲ ಎಚ್ಚರಿಕೆಗಳನ್ನೂ ಕನ್ನಡಕ್ಕೆ ತಂದೆ, ಓದಬೇಕಾದವರನ್ನು ಹೊರಗೆ ಹಾಕಿದ ಮೇಲೆ. ನಾಲ್ಕನೆಯ ದಿನ ಬೆಳಿಗ್ಗೆ ಆರೂಕಾಲಿಗೆ ನನ್ನ ನಂಬರಿಗೇ ಕಾಕಾನಿಂದ ಸಂದೇಶ ಬಂತು.

‘ಶರಣ್ರಿ ಅಕ್ಕಾರ. ಮೂರು ದಿನ ಆತು ಮುಂಜಾನಿ ನಿಮ್ಮ ಮೆಸೇಜ್ ಬಂದಿಲ್ಲ. ಆರಾಮ ಅದೀರಿಲ್ರಿ? ನನ್ನ ಸಲುವಾಗಿ ನಿಮಗೂ ಬೈದಿದ್ರ ಮನಸಿಗೆ ಹಚ್ಕೋಬ್ಯಾಡ್ರಿ.’

ನಿಮ್ಮ ಮೆಸೇಜ್ ಎಂಬ ಮಾತಿನ ಮೇಲೆ ನನ್ನ ಕಣ್ಣು ನಿಂತಿತು. ಆಗ ಅರ್ಥವಾಯಿತು. ದಿನಾ ಆರಕ್ಕೆ ಆಳಂದದಲ್ಲಿ ನಾನು ಎದ್ದು ಕೂತು ಶುಭೋದಯ ಬರೆಯುತ್ತೇನೆ ಎಂದೇ ಎರಡು ವರ್ಷ ಅವರು ತಿಳಿದಿದ್ದರು. ಕೋಣೆ ಬಿಸಿಯಾಗಿದೆ, ದಯವಿಟ್ಟು ನೋಡಿ ಎಂದು ನಾನೇ ಕೇಳಿಕೊಳ್ಳುತ್ತೇನೆ ಎಂದು. ಮೊಮ್ಮಗಳ ಹೆಜ್ಜೆ, ಹೊಲದ ಜೋಳ ಎಲ್ಲ ಅವರು ಗ್ರೂಪಿಗೆ ಬರೆದದ್ದಲ್ಲ, ನನಗೆ ಬರೆದದ್ದು.

ಆ ದಿನವೇ ಅಫಜಲಪುರದ ಬಸ್ಸು ಹತ್ತಿದೆ. ಮಾಲಕರ ಮುಂದೆ ನಿಂತು ಜವಾಬು ಹಾಕಲು ಹೇಳಿದವಳು ನಾನು, ಗ್ರೂಪು ಮುಚ್ಚಿಟ್ಟವಳು ನಾನು ಎಂದೆ. ಧ್ವನಿ ಸಂದೇಶ ಕೇಳಿಸಿದೆ. ಅವರು ಎರಡು ಸಲ ಕೇಳಿದರು.

“ಅವತ್ತ ಯಾಕ ಹೇಳಲಿಲ್ಲ?”

“ನಾಚಿಕಿ ಆತ್ರಿ.”

“ಈಗ ಆಗ್ಲಿಲ್ಲೇನ?” ಎಂದರು. ಫೋನು ನನ್ನ ಕೈಗಿಟ್ಟು ತಾವೇ ಮುಂದುವರಿಸಿದರು: “ಹೋಗ್ಲಿ ಬಿಡು. ಬ್ಯಾರೆಯವಗ ಕೀಲಿ ಕೊಟ್ಟಾತು. ತಿರಗಿ ಕಸಗೊಂಡ್ರ ಅಂವೇನಂತಾನ? ಇವಗೂ ವಯಸ್ಸಾಗಿತ್ತು. ನೀ ಹೋಗಿ ನಿನ್ನ ಕೆಲಸ ನೋಡು.”

ನಾನು ಮತ್ತೆ ಮತ್ತೆ ಕೇಳಿಕೊಂಡೆ. ಅವರು ಫೋನಿನಲ್ಲಿ ಬೇರೆ ಯಾರೊಂದಿಗೋ ಮಾತಾಡಲು ಶುರು ಮಾಡಿದರು. ನನಗೆ ಒಂದು ಬೈಗುಳವೂ ಬೀಳಲಿಲ್ಲ. ನಾನು ಇಷ್ಟು ದಿನ ಹೆದರಿದ್ದದ್ದು ಇದಕ್ಕೇ ಎಂದು ತಿಳಿದಾಗ ಇನ್ನಷ್ಟು ಹೇಸಿಗೆಯಾಯಿತು.

ಅಲ್ಲಿಂದ ಗೊಬ್ಬೂರಿಗೆ ಹೋದೆ. ಕಾಕಾ ಅಂಗಳದಲ್ಲಿ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ನನ್ನನ್ನು ಕಂಡದ್ದೇ ಎದ್ದು “ಶರಣ್ರಿ, ಬರ್ರಿ ಅಕ್ಕಾರ, ಆರಾಮ ಅದೀರೇನ್ರಿ?” ಎಂದು ಒಳಗಿನಿಂದ ಕಂಬಳಿ ತರಿಸಿ ಹಾಸಿದರು. ಅವರ ಹೆಂಡತಿ ಚಹಾ ತಂದುಕೊಟ್ಟರು. ಹೆಜ್ಜೆ ಇಡಲು ಕಲಿತ ಮೊಮ್ಮಗಳು ಈಗ ಓಡಾಡುತ್ತಿದ್ದಳು. ಚಹಾದ ಬಟ್ಟಲನ್ನು ಕೆಳಗಿಟ್ಟೆ. ಎಲ್ಲ ಹೇಳಿಬಿಟ್ಟೆ.

“ಕೀಲಿದೇನ ಬಿಡ್ರಿ” ಎಂದರು. ನಗಲು ನೋಡಿದರು. “ನೀವರ ಏನ್ ಮಾಡ್ತೀರಿ, ನಾಲ್ಕ ಮಂದಿ ಮುಂದ ಬಾಯಿ ಬರೂದಿಲ್ಲ.” ಮತ್ತೆ ಮೊರ ಎತ್ತಿಕೊಂಡರು. ಕೇರುತ್ತಲೇ ಕೇಳಿದರು: “ನನ್ನ ದನಿ ಆವತ್ತ ಕೇಳಲೇ ಇಲ್ಲೇನ್ರಿ?”

“ಇಲ್ಲ ಕಾಕಾ. ಗ್ರೂಪ್ ತಗದು ನೋಡ್ತಾನೇ ಇರಲಿಲ್ಲ.”

“ಮುಂಜಾನಿ ಶುಭೋದಯ ಬರೀತಿದ್ರಲ್ರಿ?”

“ಅದು ಮಷಿನ್ ಬರೀತದ ಕಾಕಾ. ತಾನ ಕಳಸ್ತದ. ನಾ ಒಂದ ಸಲ ಬರದಿಟ್ಟೇನಿ, ಅಷ್ಟ.”

ಕಾಕಾನ ಕೈ ಮೊರದಲ್ಲೇ ನಿಂತಿತು. ಕೀಲಿ ಕೊಡುವಾಗಲೂ ಅವರ ಮುಖ ಹಾಗೆ ಆಗಿರಲಿಲ್ಲ.

“ಎರಡು ವರ್ಷ ದಿನಾ ಎದ್ದು ಮೊದಲ ನಿಮಗ ಶರಣ್ರಿ ಅಂತಿದ್ದೆ ಅಕ್ಕಾರ” ಎಂದರು. “ಅದು ಯಾರಿಗ ಮುಟ್ಟಿತ್ರಿ?”

ಸತ್ಯ ಹೇಳುವುದಕ್ಕೇ ಅಷ್ಟು ದೂರ ಹೋಗಿದ್ದೆ, ಆದರೂ ಯಾರಿಗೂ ಮುಟ್ಟಲಿಲ್ಲ ಕಾಕಾ ಎಂದು ಅವರ ಅಂಗಳದಲ್ಲಿ ಕೂತು ಹೇಳುವುದು ನನ್ನಿಂದಾಗಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ.

ಈಗ ಬೆಳಿಗ್ಗೆ ಆರಕ್ಕೆ ಗ್ರೂಪಿನಲ್ಲಿ ಶುಭೋದಯ ಬೀಳುತ್ತದೆ. ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ. ಅದನ್ನು ಓದಿ, ಎದ್ದು ಕೂತು, ಕಾಕಾನ ನಂಬರಿಗೆ ನಾನೇ ಕೈಯಾರೆ ಬರೆಯುತ್ತೇನೆ: ‘ಶರಣ್ರಿ ಕಾಕಾ. ಆರಾಮ ಅದೀರೇನ್ರಿ?’ ಓದಿದ ಗುರುತು ಬೀಳುತ್ತದೆ. ಹಾದಿಯಲ್ಲಿ ಹೋಗುವವನಿಗೂ ಶರಣು ಅನ್ನದೆ ಬಿಡದವರು ನನಗೆ ಇಂದಿನವರೆಗೆ ಒಂದು ಜವಾಬೂ ಬರೆದಿಲ್ಲ. ಅವರನ್ನು ಹೇಗೆ ದೂರಲಿ? ಅದನ್ನು ಬರೆಯುತ್ತಿರುವುದು ನಾನೋ ಯಂತ್ರವೋ ಎಂದು ಅವರಿಗೆ ಹೇಗೆ ಗೊತ್ತಾಗಬೇಕು.